‘ನೀನಿನ್ನೂ ಹಾಲು ಕುಡಿಯುವ ಕೂಸು’ ಅಂದರು

ಪ್ರಶ್ನೆ: ನನಗೆ 36 ವರ್ಷ, ಲಿಂಗರಾಜಪುರದಲ್ಲಿ ಮನೆ. ಚರ್ಚ್‌ನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು 12 ವರ್ಷ ಆಯಿತು. ಮೊದಮೊದಲು ಪ್ರಾರ್ಥನೆಗೆ ಕೂತರೆ ಕಣ್ಣು ತುಂಬಿ ಬರುತ್ತಿತ್ತು. ಈಗ ಎರಡು ವರ್ಷದಿಂದ ಏನೂ ಅನ್ನಿಸುವುದಿಲ್ಲ, ಸುಮ್ನೆ ಬಾಯಿ ಆಡುತ್ತದೆ ಅಷ್ಟೆ. ಬುಧವಾರದ ಕೂಟದಲ್ಲಿ ಎಲ್ಲರೂ ದೇವರು ತಮಗೆ ಮಾಡಿದ್ದನ್ನು ಸಾಕ್ಷಿ ಹೇಳುತ್ತಾರೆ, ನನ್ನ ಹತ್ತಿರ ಹೇಳುವುದಕ್ಕೇ ಏನಿಲ್ಲ. ಕೂಟ ನಡೆಸುವ ಅಕ್ಕ ಎಲ್ಲರ ಮುಂದೆ ‘ನೀನಿನ್ನೂ ಹಾಲು ಕುಡಿಯುವ ಕೂಸು’ ಅಂದುಬಿಟ್ಟರು. ನಿಜ ಇರಬೇಕು. ಮೊನ್ನೆ ಸ್ಟವ್ ಮೇಲೆ ಹಾಲು ಉಕ್ಕಿಸಿದರು ಅಂತ ಅತ್ತೆಯ ಮೇಲೆ ರೇಗಿದೆ (ರಾತ್ರಿ ಹೋಗಿ ಕ್ಷಮೆ ಕೇಳಿದೆ ಅನ್ನಿ). ಹೆಣ್ಣೂರಿನ ಕಡೆ ಹೊಸ ಸಭೆ (ಚರ್ಚ್) ಒಂದಿದೆ, ಆರಾಧನೆ ಜೋರಾಗಿರುತ್ತದಂತೆ. ಅಲ್ಲಿಗೆ ಹೋದರೆ ಬೆಳೆಯುತ್ತೇನಾ?

ಉತ್ತರ: ಅಕ್ಕ ಹೇಳಿದ ಹಾಲಿನ ಮಾತು ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದ ಕೊನೆಯಲ್ಲಿದೆ. ಅವರು ಅರ್ಧಕ್ಕೇ ನಿಲ್ಲಿಸಿದ್ದಾರೆ. ಇನ್ನೊಂದು ವಾಕ್ಯ ಮುಂದಕ್ಕೆ ಓದಿ. ಹಾಲು ಬಿಟ್ಟು ಗಟ್ಟಿ ಆಹಾರ ಯಾರಿಗೆ ಅಂತ ಅಲ್ಲೇ ಇದೆ: ಅಭ್ಯಾಸ ಮಾಡಿ ಮಾಡಿ ಒಳ್ಳೆಯದು ಕೆಟ್ಟದ್ದನ್ನು ಗುರುತಿಸಲು ಕಲಿತವರಿಗೆ. ಕಣ್ಣೀರಿನ ಮಾತೇ ಅಲ್ಲಿಲ್ಲ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಅತ್ತೆಯ ವಿಷಯವನ್ನು ನಿಮ್ಮ ಸೋಲಿನ ಲೆಕ್ಕಕ್ಕೆ ಬರೆದಿದ್ದೀರಿ. ಕ್ಷಮೆ ಕೇಳಿದ್ದನ್ನು ಬ್ರಾಕೆಟ್‌ನಲ್ಲಿ ಹಾಕಿದ್ದೀರಿ! ನಾನು ಓದುತ್ತಾ ನಿಂತಿದ್ದೇ ಆ ಬ್ರಾಕೆಟ್ ಹತ್ತಿರ. ಎಂಟು ಹತ್ತು ವರ್ಷದ ಹಿಂದೆ, ಪ್ರಾರ್ಥನೆಯಲ್ಲಿ ಕಣ್ಣು ತುಂಬುತ್ತಿದ್ದ ಕಾಲದಲ್ಲಿ, ಹೀಗೆ ರೇಗಿದ ಮೇಲೆ ಎಷ್ಟು ದಿನ ಮಾತು ಬಿಡುತ್ತಿದ್ದಿರಿ? ನಿಜ ಹೇಳಿ. ಬೈಬಲಿನ ಇನ್ನೊಂದು ಪತ್ರಿಕೆಯಲ್ಲಿ ಪೌಲನು ಗಲಾತ್ಯದವರಿಗೆ ಬರೆಯುವಾಗ ಆತ್ಮದ ಫಲ ಅಂತ ಒಂಬತ್ತನ್ನು ಹೇಳುತ್ತಾನೆ. ಪ್ರೀತಿ, ದಯೆ, ದೀರ್ಘಶಾಂತಿ (ಅಂದರೆ ತಾಳ್ಮೆ) ಎಲ್ಲ ಅದರಲ್ಲಿವೆ. ಅವು ಕಾಣುವುದು ಬುಧವಾರದ ಕೂಟಕ್ಕಿಂತ ಅಡುಗೆಮನೆಯಲ್ಲೇ ಜಾಸ್ತಿ.

ಇನ್ನು ಪ್ರಾರ್ಥನೆ ಒಣಗಿದ ವಿಷಯ. 16ನೇ ಶತಮಾನದ ಸ್ಪೇನಿನಲ್ಲಿ ಶಿಲುಬೆಯ ಸಂತ ಯೊವಾನ್ನ ಎಂಬ ಕಥೋಲಿಕ ಸನ್ಯಾಸಿ ಇದ್ದರು. ನಿಮ್ಮ ಸಭೆಯಲ್ಲಿ ಈ ಹೆಸರು ಕೇಳಿರಲಿಕ್ಕಿಲ್ಲ, ಇರಲಿ. ಇದೇ ಒಣ ಕಾಲವನ್ನು ಅವರು ತಾಯಿ ಹಾಲು ಬಿಡಿಸುವುದಕ್ಕೆ ಹೋಲಿಸಿದರು. ಮಗು ಬೆಳೆದಾಗ ತಾಯಿ ಎದೆಗೆ ಕಹಿ ಹಚ್ಚಿ, ತೋಳಿನಿಂದ ಇಳಿಸಿ, ನಡೆಯಲು ಬಿಡುತ್ತಾಳೆ. ಅವರು ಹೇಳಿದ್ದು ಲೋಳೆಸರದ ಕಹಿ. ನಮ್ಮ ಅಜ್ಜಿಯಂದಿರು ಬೇವು ಅರೆದು ಹಚ್ಚುತ್ತಿದ್ದರು, ಅಲ್ವಾ? ಮಗು ಅಳುತ್ತದೆ. ಅಮ್ಮ ಕೈಬಿಟ್ಟಳು ಅಂದುಕೊಳ್ಳುತ್ತದೆ. ಹಾಲು ಕುಡಿಯುವ ಕೂಸಿಗೆ ಯಾರೂ ಬೇವು ಹಚ್ಚುವುದಿಲ್ಲ.

ಪ್ರಾರ್ಥನೆ ಬಾರದ ದಿನ ಬೈಬಲಿನ 13ನೇ ಕೀರ್ತನೆ ಓದಿ. ಆರೇ ವಚನ, ಬಸ್ಸಿನಲ್ಲಿ ಒಂದು ಸಿಗ್ನಲ್‌ಗೆ ಮುಗಿಯುತ್ತದೆ. ಶುರುವಾಗುವುದೇ ‘ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ’ ಅನ್ನುವ ಜಗಳದಿಂದ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಬೈಬಲಿನಿಂದ ಯಾರೂ ತೆಗೆದುಹಾಕಲಿಲ್ಲ.

ಪ್ರಾರ್ಥನೆ ಮಾತ್ರವಲ್ಲ, ಊಟ, ನಿದ್ದೆ, ಮಕ್ಕಳ ನಗು ಯಾವುದೂ ಬೇಡ ಅನ್ನಿಸುತ್ತಿದ್ದರೆ ಅದು ಬೇರೆ ವಿಷಯ. ಆಗ ಉಪವಾಸ ಪ್ರಾರ್ಥನೆ ಜಾಸ್ತಿ ಮಾಡಬೇಡಿ, ವೈದ್ಯರ ಹತ್ತಿರ ಹೋಗಿ. ನಿಮ್ಹಾನ್ಸ್ ಇರುವ ಊರಲ್ಲಿ ಇದಕ್ಕೆ ನಾಚಿಕೆ ಯಾಕೆ?

ಹೆಣ್ಣೂರಿನ ಸಭೆ ಸದ್ಯಕ್ಕೆ ಬೇಡ. ಅಲ್ಲಿನ ಹಾಡಿಗೆ ಮೂರು ತಿಂಗಳು ಕಣ್ಣು ತುಂಬೀತು. ಆಮೇಲೆ? ಈ ಸಭೆಯಲ್ಲೇ ನಿಮ್ಮ ಗುಟ್ಟು ಕಾಯುವ ಹಿರಿಯ ಹೆಂಗಸು ಒಬ್ಬರಿದ್ದರೆ ಅವರಿಗೆ ಇದೆಲ್ಲ ಹೇಳಿ. ಕೂಟದ ಅಕ್ಕನಿಗೂ ಒಂದು ಮಾತು, ಅವರೊಬ್ಬರೇ ಇದ್ದಾಗ: ‘ಎಲ್ಲರ ಮುಂದೆ ಅಂದಿದ್ದು ನೋವಾಯಿತು ಅಕ್ಕ.’ ಮುಂದಿನ ಬುಧವಾರ ಸಾಕ್ಷಿ ಕೇಳಿದರೆ ‘ಈ ವಾರ ಇಲ್ಲ’ ಅನ್ನಿ. ಅಷ್ಟು ಸಾಕು.

ಅಂದಹಾಗೆ, ಕ್ಷಮೆ ಕೇಳಿದಾಗ ಅತ್ತೆ ಏನಂದರು? ಅದನ್ನು ಬರೆದೇ ಇಲ್ಲವಲ್ಲ.