ಡಿಜಿಕ್ಯಾಮ್ 7ರಿಂದ 8ಕ್ಕೆ ಹೋಗ್ಬೇಕಾ? ಹೋಗಿ, ಆದ್ರೆ ಹೆಸರುಗಳನ್ನ ಮೊದ್ಲು ಫೋಟೋ ಒಳಗೆ ಬರೆಸಿ

ನೀವು ಕೇಳಿದ್ದು ಇಷ್ಟು: ಉಬುಂಟು 22.04ರ (ಲಿನಕ್ಸ್) ಜೊತೆ ಬಂದ, ಫೋಟೋ ಜೋಡಿಸಿಡೋ ಪ್ರೋಗ್ರಾಂ ಡಿಜಿಕ್ಯಾಮ್ 7.5ರಲ್ಲೇ ಇದೀರಿ, ಮನೆಯ 40 ಸಾವಿರ ಫೋಟೋ ಅದರಲ್ಲಿದೆ, 8 ಬಂದ ಮೇಲೆ ಮೂರ್ನಾಲ್ಕು ತಿಂಗಳಿಗೊಂದು ಹೊಸ ರಿಲೀಸ್ ಬರ್ತಾನೇ ಇದೆ, ಅಪ್‌ಡೇಟ್ ಮಾಡ್ಬೇಕಾ ಬೇಡ್ವಾ, ಸಂಬಳ ಇಲ್ದೆ ಬಿಡುವಿನಲ್ಲಿ ಕೆಲ್ಸ ಮಾಡೋರ ಸಾಫ್ಟ್‌ವೇರ್ ಮೇಲೆ ಇಷ್ಟು ಭಾರ ಹಾಕ್ಬಹುದಾ ಅಂತ.

ಮಾಡಿ. ಆದ್ರೆ ಇವತ್ತೇ ಮಾಡ್ಬೇಡಿ. ಮೊದ್ಲು ಒಂದು ಕೆಲ್ಸ ಇದೆ, ಅದನ್ನ ಮಾಡ್ದೆ ನಾನು ಕಳ್ಕೊಂಡಿದ್ದನ್ನ ಹೇಳ್ತೀನಿ, ಆಮೇಲೆ ನಿಮಗೇ ಗೊತ್ತಾಗತ್ತೆ.

ನಾನು ಶಿರಸಿ ಕಡೆಯವನು, ಅಡಕೆ ತೋಟ ಇದೆ, ಫೋಟೋ ತೆಗೆಯೋದು ಮೊದ್ಲಿಂದ ಇರೋ ಹುಚ್ಚು. ಆಲೆಮನೆ, ಕೊನೆಕೊಯ್ಲು, ಊರಿನ ಯಕ್ಷಗಾನ ಆಟ, ಜಾತ್ರೆ ಎಲ್ಲಾ ಸೇರಿ ಸುಮಾರು 60 ಸಾವಿರ ಇದೆ. ಅದರ ಜೊತೆಗೆ ಅಜ್ಜನ ಕಾಲದ ಕಪ್ಪುಬಿಳುಪು ಫೋಟೋಗಳು, ಹೆಚ್ಚಿನವು ಮದುವೆ ಮುಂಜಿದು, ಚಪ್ಪರದ ಕೆಳಗೆ ಮೂವತ್ತು ನಲವತ್ತು ಜನ ಸಾಲಾಗಿ ನಿಂತಿರೋ ಅಂಥವು, ಅವನ್ನೆಲ್ಲಾ ಸ್ಕ್ಯಾನ್ ಮಾಡಿ ಹಾಕಿದ್ದೆ. ಆ ಮುಖಗಳು ಯಾರದ್ದು ಅಂತ ಮನೇಲಿ ಗೊತ್ತಿದ್ದಿದ್ದು ನಮ್ಮ ಅಮ್ಮಮ್ಮ ಒಬ್ರಿಗೇ. ಒಂದು ಮಳೆಗಾಲ ಪೂರ್ತಿ, ತೋಟದ ಕೆಲ್ಸ ಇಲ್ದಿದ್ದಾಗೆಲ್ಲಾ, ಅವರನ್ನ ಜಗಲಿಲಿ ಲ್ಯಾಪ್‌ಟಾಪ್ ಎದುರು ಕೂರಿಸ್ಕೊಂಡು ಒಂದೊಂದೇ ಮುಖಕ್ಕೆ ಹೆಸರು ಹಾಕಿದ್ದು. ಡಿಜಿಕ್ಯಾಮ್ ಮುಖಕ್ಕೆ ಚೌಕ ಹಾಕಿ ತೋರಿಸೋದು, ಅವರು ಹತ್ರ ಬಗ್ಗಿ ನೋಡಿ ಇಂಥವರ ಮಗಳು, ಇಂಥ ಊರಿಗೆ ಕೊಟ್ಟಿದ್ದು ಅಂತ ಹೇಳೋದು, ನಾನು ಟೈಪ್ ಮಾಡೋದು.

ಆಮೇಲೆ ಒಂದು ಹೊಸ ಆವೃತ್ತಿ ಬಂತು, ಖುಷಿಲಿ ಹಾಕ್ದೆ. ಮೊದಲ ಸಲ ತೆರೆದಾಗ್ಲೇ ಅದು ಹಳೆ ಡೇಟಾಬೇಸನ್ನ, ಅಂದ್ರೆ ಹೆಸರು ಟ್ಯಾಗ್ ಎಲ್ಲಾ ಬರೆದಿಟ್ಕೊಳ್ಳೋ ಅದರ ಫೈಲನ್ನ, ತನ್ನ ಹೊಸ ಅಚ್ಚಿಗೆ ಬದಲಾಯಿಸ್ಕೊಳ್ತು. ಎರಡು ದಿನ ಬಳಸಿ ನೋಡ್ದೆ, ನನ್ನ ಹಳೆ ಲ್ಯಾಪ್‌ಟಾಪಲ್ಲಿ ಮುಖ ಹುಡುಕೋಕೆ ಹೋದ್ರೆ ಪ್ರೋಗ್ರಾಂ ತಾನಾಗೇ ಮುಚ್ಚಿ ಹೋಗ್ತಿತ್ತು, ಸರಿ ಹಳೇದಕ್ಕೇ ವಾಪಸ್ ಹೋಗೋಣ ಅಂತ ಹೋದ್ರೆ ಅದು ತೆರೆಯೋದೇ ಇಲ್ಲ ಅಂತು, ಈ ಡೇಟಾಬೇಸನ್ನ ಹೊಸ ಆವೃತ್ತಿ ಬಳಸಿದೆ, ನಾನು ಇದನ್ನ ಓದೋಕಾಗಲ್ಲ ಅನ್ನೋ ಅರ್ಥದ ಸಂದೇಶ. ಹೆಂಗೂ ಎಲ್ಲಾ ಫೋಟೋ ಒಳಗೇ ಬರೆದಿರತ್ತಲ್ಲಾ, ಡೇಟಾಬೇಸ್ ಅಳಿಸಿದ್ರೆ ಅದೇ ಮತ್ತೆ ಓದ್ಕೊಳ್ಳತ್ತೆ ಅಂತ ಅಂದ್ಕೊಂಡು ಫೈಲನ್ನ ಅಳಿಸ್ದೆ. ಪ್ರೋಗ್ರಾಂ ತೆರೀತು. ಫೋಟೋ ಎಲ್ಲಾ ಬಂತು. ಹೆಸರು ಒಂದೂ ಇಲ್ಲ.

ಯಾಕಂದ್ರೆ ಡಿಜಿಕ್ಯಾಮ್ ಮೊದ್ಲು ಹಾಕಿದ ದಿನ ಅದು ಒಂದು ಪ್ರಶ್ನೆ ಕೇಳಿರತ್ತೆ, ನೀವು ಹಾಕೋ ಮಾಹಿತಿನ ಫೈಲಿಗೆ ಸೇರಿಸ್ಲಾ ಅಥವಾ ಏನೂ ಮಾಡ್ದೆ ಬಿಡ್ಲಾ ಅಂತ. ಮೂಲ ಫೋಟೋ ಮುಟ್ಟೋದು ಬೇಡ ಅಂತ ನಾನು "ಏನೂ ಮಾಡ್ಬೇಡ" ಒತ್ತಿದ್ದೆ. ಹಾಗಾಗಿ ಅಮ್ಮಮ್ಮ ಹೇಳಿದ್ದೆಲ್ಲಾ ಆ ಒಂದು ಫೈಲಲ್ಲಿ ಮಾತ್ರ ಇತ್ತು. ಮುಂದಿನ ವರ್ಷ ಮತ್ತೆ ಕೂರಿಸ್ಕೊಂಡೆ. ಪಾಪ ಬೇಜಾರಿಲ್ದೆ ಕೂತ್ರು, ಆದ್ರೆ ಒಂದು ವರ್ಷದಲ್ಲಿ ಸುಮಾರು ಮರೆತು ಹೋಗಿತ್ತು. ಒಂದು ಫೋಟೋದಲ್ಲಿ ಕಂಬ ಹಿಡ್ಕೊಂಡು ನಿಂತಿರೋ ಹುಡುಗನ್ನ ತುಂಬಾ ಹೊತ್ತು ನೋಡಿ "ತಡಿ ಮಾಣಿ, ಇಂವ ಯಾರು ಹೇಳಿ ನೆನಪಾಗ್ತಿಲ್ಲೆ" ಅಂದ್ರು. ಹೋದ ವರ್ಷ ಹೆಸರು ಹೇಳಿದ್ರು, ನಾನೇ ಟೈಪ್ ಮಾಡಿದ್ದೆ, ಅದು ನನಗೂ ನೆನಪಿಲ್ಲ. ಆ ಚೌಕ ಈಗ್ಲೂ ಹೆಸರಿಲ್ದೇ ಇದೆ.

ಅದಕ್ಕೇ ಹೇಳ್ತಿರೋದು. ನಿಮ್ಮ 7.5ನ್ನ ತೆರೆದು ಸೆಟ್ಟಿಂಗ್ಸಲ್ಲಿ ಮೆಟಾಡೇಟಾ (ಫೋಟೋ ಬಗೆಗಿನ ಮಾಹಿತಿ) ಅನ್ನೋ ಭಾಗಕ್ಕೆ ಹೋಗಿ, ಅಲ್ಲಿ ಟ್ಯಾಗ್, ಶೀರ್ಷಿಕೆ, ಸ್ಟಾರ್, ಜಾಗ, ಮತ್ತೆ ಮುಖ್ಯವಾಗಿ ಫೇಸ್ ಟ್ಯಾಗ್ (ಮುಖಕ್ಕೆ ಹಾಕಿದ ಹೆಸರು), ಇವನ್ನೆಲ್ಲಾ ಫೈಲಿಗೆ ಬರೀಬೇಕಾ ಅಂತ ಚೌಕಗಳಿರತ್ವೆ, ಎಲ್ಲಾದಕ್ಕೂ ಟಿಕ್ ಹಾಕಿ. ಆದ್ರೆ ಟಿಕ್ ಹಾಕಿದ್ದು ಇನ್ಮುಂದಿನದಕ್ಕೆ ಮಾತ್ರ, ಹಳೇದು ತಾನಾಗೇ ಹೋಗಲ್ಲ. ಅದಕ್ಕೆ ಟೂಲ್ಸ್ ಮೆನುವಿನ ಮೇಂಟೆನೆನ್ಸಲ್ಲಿ ಮೆಟಾಡೇಟಾನೂ ಡೇಟಾಬೇಸನ್ನೂ ಸಿಂಕ್ ಮಾಡೋ ಆಯ್ಕೆ ಇದೆ, ಅಲ್ಲಿ ದಿಕ್ಕು ಸರಿಯಾಗಿ ನೋಡ್ಕೊಳ್ಳಿ, ಡೇಟಾಬೇಸಿಂದ ಫೋಟೋ ಕಡೆಗೆ. ಉಲ್ಟಾ ಕೊಟ್ಟರೆ ಖಾಲಿ ಫೋಟೋ ಓದಿ ತುಂಬಿದ ಡೇಟಾಬೇಸನ್ನ ಹಾಳು ಮಾಡ್ಕೊಂಡಂಗೆ. ಕ್ಯಾಮೆರಾದ ರಾ, ಅಂದ್ರೆ ಸಂಸ್ಕರಿಸದ ಕಚ್ಚಾ, ಫೈಲ್‌ಗಳಿದ್ರೆ ಅವುಗಳ ಒಳಗೆ ಬರೆಸ್ಬೇಡಿ, ಪಕ್ಕದಲ್ಲಿ ಎಕ್ಸ್‌ಎಂಪಿ ಅಂತ ಸಣ್ಣ ಫೈಲ್ ಇಡೋ ಆಯ್ಕೆ ಇದೆ, ಅದನ್ನ ಕೊಡಿ. 40 ಸಾವಿರ ಫೋಟೋಕ್ಕೆ ಇದು ಹೊತ್ತು ಹಿಡಿಯತ್ತೆ, ರಾತ್ರಿ ಬಿಟ್ಟು ಮಲಗಿ, ಆದ್ರೆ ಮಳೆಗಾಲದಲ್ಲಿ ಬೇಡ, ನಮ್ ಕಡೆ ಕರೆಂಟ್ ಹೇಗೆ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಮತ್ತೆ ಇದನ್ನ ಶುರು ಮಾಡೋ ಮೊದ್ಲು ಫೋಟೋಗಳದ್ದು ಇನ್ನೊಂದು ಡಿಸ್ಕಲ್ಲಿ ಒಂದು ಪ್ರತಿ ಇರ್ಲೇಬೇಕು.

ಇಲ್ಲಿ ಕನ್ನಡದಲ್ಲಿ ಟ್ಯಾಗ್ ಹಾಕೋರಿಗೆ ಮಾತ್ರ ಬರೋ ಒಂದು ತೊಡಕಿದೆ. ಫೋಟೋ ಒಳಗೆ ಪದಗಳನ್ನ ಇಡೋಕೆ ಎರಡು ಜಾಗ ಇವೆ, ಹಳೇದು ಐಪಿಟಿಸಿ, ಹೊಸದು ಎಕ್ಸ್‌ಎಂಪಿ. ಹಳೇದರಲ್ಲಿ ಒಂದು ಕೀವರ್ಡ್‌ಗೆ 64 ಬೈಟ್ ಮಾತ್ರ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಆದ್ರೆ ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಗುಣಿತ ಚಿಹ್ನೆಗೆ, ಒತ್ತಿನ ನಡುವಿನ ಕಾಣದ ವಿರಾಮ ಚಿಹ್ನೆಗೂ ಮೂರು ಮೂರು ಬೈಟ್ ಬೇಕು. "ಶಿರಸಿ ಮಾರಿಕಾಂಬಾ ಜಾತ್ರೆ" ಅಂತ ಬರೆದ್ರೆ ಖಾಲಿ ಜಾಗ ಸೇರಿ 62 ಬೈಟ್, ಸರಿಯಾಗಿ ಹಿಡಿಯತ್ತೆ. ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ, ವರ್ಷ ಗೊತ್ತಾಗ್ಲಿ ಅಂತ ಕೊನೆಗೆ 2024 ಸೇರಿಸಿದ್ರೆ 67 ಆಯ್ತು, ಅಲ್ಲಿ ಹಿಡಿಯಲ್ಲ. ಎಕ್ಸ್‌ಎಂಪಿಲಿ ಈ ಮಿತಿ ಇಲ್ಲ. ಹಾಗಾಗಿ ಬೇರೆ ಯಾವ್ದಾದ್ರೂ ಪ್ರೋಗ್ರಾಂನಲ್ಲಿ ತೆರೆದಾಗ ನಿಮ್ಮ ಟ್ಯಾಗ್ ಬಾಲ ಕತ್ತರಿಸಿದಂಗೆ ಕಂಡ್ರೆ ಗಾಬರಿ ಆಗ್ಬೇಡಿ, ಅದು ಹಳೆ ಜಾಗವನ್ನ ಓದ್ತಿದೆ ಅಷ್ಟೇ. ನಾನು ಈಗ ಜಾತ್ರೆ ಒಂದು ಟ್ಯಾಗ್, ಅದರ ಕೆಳಗೆ ವರ್ಷ ಇನ್ನೊಂದು ಟ್ಯಾಗ್ ಮಾಡ್ಕೊಂಡಿದೀನಿ.

ಫೋಟೋಕ್ಕೆ ಬರೆಸಿ ಆದ್ಮೇಲೆ ಡಿಜಿಕ್ಯಾಮ್ ಮುಚ್ಚಿ, ಡೇಟಾಬೇಸ್ ಫೈಲ್‌ಗಳನ್ನೂ ಬೇರೆ ಕಡೆ ಪ್ರತಿ ಮಾಡಿ. ಹೆಸರುಗಳು, ಥಂಬ್‌ನೇಲ್, ಮುಖ ಗುರುತಿಸೋ ಕಲಿಕೆ, ಹೋಲಿಕೆ ಹುಡುಕೋದು, ನಾಲ್ಕಕ್ಕೂ ಬೇರೆ ಬೇರೆ ಫೈಲ್ ಇರತ್ತೆ, ಎಲ್ಲಾ ತಗೊಳ್ಳಿ. ಆಮೇಲೆ 8. ಉಬುಂಟು 22.04ರ ಒಳಗೆ 7.5 ಬಿಟ್ಟು ಮುಂದಿನದು ಬರಲ್ಲ, ಅಧಿಕೃತ ತಾಣದಿಂದ ಆಪ್‌ಇಮೇಜ್ ಇಳಿಸ್ಕೊಳ್ಳಿ, ಅದು ಒಂದೇ ಫೈಲ್, ಇನ್‌ಸ್ಟಾಲ್ ಅನ್ನೋದೇ ಇಲ್ಲ, ಓಡಿಸೋ ಅನುಮತಿ ಕೊಟ್ಟು ಒತ್ತಿದ್ರೆ ಆಯ್ತು, ತೆರೆಯಲೇ ಇಲ್ಲ ಅಂದ್ರೆ ಅದಕ್ಕೆ ಬೇಕಾದ ಪ್ಯಾಕೇಜ್ ಲಿಬ್‌ಫ್ಯೂಸ್2 ಇದೆಯಾ ನೋಡಿ. ಮೊದಲ ಸಲ ಮುಖ ಗುರುತಿಸೋ ಮಾದರಿಗಳನ್ನ ಅದು ಬೇರೆಯಾಗಿ ಇಳಿಸ್ಕೊಳ್ಳತ್ತೆ, ನೂರಾರು ಎಂಬಿ. ನಮ್ಮನೇಲಿ ನೆಟ್ ಸಿಗೋದು ಅಂಗಳದ ಒಂದು ಮೂಲೇಲಿ, ನಾನು ಪೇಟೆಲಿ ಗೆಳೆಯನ ಅಂಗಡಿಲಿ ಕೂತು ಇಳಿಸ್ಕೊಂಡು ಬಂದಿದ್ದು.

8ರಲ್ಲಿ ಅಂಥದ್ದೇನಿದೆ ಅಂದ್ರೆ, ನನ್ನ ಮಟ್ಟಿಗೆ ದೊಡ್ಡದು ಮುಖ ಗುರುತಿಸೋದು. 2020ರ ಜುಲೈನಲ್ಲಿ 7.0 ಬಂದಾಗ ನರಜಾಲದ (ನ್ಯೂರಲ್ ನೆಟ್‌ವರ್ಕ್) ವಿಧಾನಕ್ಕೆ ಬದಲಾಯಿಸಿದ್ರು, ಗೂಗಲ್‌ನ ಬೇಸಿಗೆ ಕಾರ್ಯಕ್ರಮವಾದ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ವಿದ್ಯಾರ್ಥಿಗಳು ಕೂತು ಮಾಡಿದ ಕೆಲ್ಸ ಅದು. 8ರ ಸಾಲಲ್ಲಿ, 2024ರ ಕೊನೆಗೆ ಬಂದ 8.5ರ ಹೊತ್ತಿಗೆ ಆ ಭಾಗನ ಮತ್ತೆ ಸಾಕಷ್ಟು ತಿದ್ದಿದ್ರು. ಎಲ್ಲಾ ನಡೆಯೋದು ನಿಮ್ಮ ಕಂಪ್ಯೂಟರಲ್ಲೇ, ಮನೆಯವರ ಮುಖ ಎಲ್ಲೂ ಹೊರಗೆ ಹೋಗಲ್ಲ, ಇದು ನನಗೆ ತುಂಬಾ ಮುಖ್ಯ. ಆಟದ ಫೋಟೋಗಳಲ್ಲಿ ಪರೀಕ್ಷೆ ಮಾಡಿದೀನಿ. ಚೌಕಿಲಿ ಬಣ್ಣ ಹಚ್ಕೊಳ್ತಾ ಕೂತ ಕಲಾವಿದರ ಅರ್ಧ ಮೇಕಪ್ ಮುಖ ಇದ್ರೂ ಸುಮಾರಿಗೆ ಹಿಡಿಯತ್ತೆ, ಸ್ತ್ರೀವೇಷನೂ ಹಿಡಿಯತ್ತೆ, ಆದ್ರೆ ಬಣ್ಣದ ವೇಷ ಪೂರ್ತಿ ಆದ್ಮೇಲೆ ಅಲ್ಲಿ ಮುಖ ಇದೆ ಅಂತ್ಲೇ ಅದಕ್ಕೆ ಗೊತ್ತಾಗಲ್ಲ, ಚೌಕ ನಾವೇ ಎಳೀಬೇಕು. ಹಳೆ ಮದುವೆ ಫೋಟೋಗಳ ಹಿಂದಿನ ಸಾಲಿನ ಸಣ್ಣ ಮುಖಗಳನ್ನ ಮಾತ್ರ ಮುಂಚಿಗಿಂತ ಎಷ್ಟೋ ಚೆನ್ನಾಗಿ ಹಿಡೀತಿದೆ.

2023ರ ಏಪ್ರಿಲಲ್ಲಿ ಬಂದ 8.0ರಲ್ಲಿ ಚಿತ್ರದೊಳಗಿನ ಅಕ್ಷರ ಓದೋ ಉಪಕರಣ ಸೇರಿಸಿದ್ರು. ಅದು ಬಳಸೋ ಅಕ್ಷರ ಓದೋ ಪ್ರೋಗ್ರಾಂ ಟೆಸರ‍್ಯಾಕ್ಟ್, ಅದಕ್ಕೆ ಕನ್ನಡ ಬರತ್ತೆ, ಕನ್ನಡದ ಡೇಟಾ ಬೇರೆ ಹಾಕ್ಕೋಬೇಕು. ಹಳೆ ಲಗ್ನಪತ್ರಿಕೆಗಳನ್ನ ಓದಿಸಿ ನೋಡ್ದೆ, ಒತ್ತಕ್ಷರ ಅಲ್ಲಲ್ಲಿ ತಪ್ಪತ್ತೆ, ಆದ್ರೂ ದಿನಾಂಕ, ಊರ ಹೆಸರು ಸಿಗತ್ತೆ, ಫೋಟೋ ಯಾವ ವರ್ಷದ್ದು ಅಂತ ಗೊತ್ತು ಮಾಡ್ಕೊಳ್ಳೋಕೆ ಅಷ್ಟು ಸಾಕು. ಹೊಸ ಕ್ಯಾಮೆರಾ ತಗೊಂಡ್ರೆ ಅದರ ರಾ ಫೈಲ್ ಹಳೆ ಆವೃತ್ತಿಲಿ ತೆರೆಯದೇ ಇರ್ಬಹುದು, ಅದೂ ಅಪ್‌ಡೇಟ್‌ಗೆ ಒಂದು ಕಾರಣ. ಹಾಗಂತ ಪ್ರತಿ ರಿಲೀಸಿಗೂ ಓಡ್ಬೇಡಿ. ನಾನು ವರ್ಷಕ್ಕೆ ಒಂದೇ ಸಲ, ಕೊಯ್ಲು ಮುಗಿದ ಮೇಲೆ, ಬಂದು ಒಂದೆರಡು ತಿಂಗಳಾದ ಆವೃತ್ತಿ ಹಾಕ್ತೀನಿ.

ಇನ್ನು ನಂಬಬಹುದಾ ಅನ್ನೋದು. ಡಿಜಿಕ್ಯಾಮ್ ಶುರುವಾಗಿದ್ದು 2001ರಲ್ಲಿ, ಕೆಡಿಇ ಅನ್ನೋ ಮುಕ್ತ ಸಾಫ್ಟ್‌ವೇರ್ ಬಳಗದ ಯೋಜನೆ, ಇವತ್ತಿಗೂ ಬರ್ತಾ ಇದೆ. ಡಿಜಿಕ್ಯಾಮ್ ಹಾಕ್ಕೊಳ್ಳೋ ಮುಂಚೆ ನಾನು ಗೂಗಲ್‌ನ ಪಿಕಾಸಾ ಬಳಸ್ತಿದ್ದೆ, ಅಷ್ಟು ದೊಡ್ಡ ಕಂಪನಿದು, 2016ರ ಮಾರ್ಚಲ್ಲಿ ನಿಲ್ಲಿಸಿದ್ರು. ಗೂಗಲ್ ಫೋಟೋಸ್‌ನಲ್ಲಿ ಮಿತಿ ಇಲ್ದೆ ಪುಕ್ಕಟೆ ಇಡೋದೂ 2021ರ ಜೂನಿಗೆ ಮುಗೀತು. ಸಂಬಳ ಕೊಟ್ರೆ ಉಳಿಯತ್ತೆ ಕೊಡ್ದಿದ್ರೆ ಹೋಗತ್ತೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಡಿಜಿಕ್ಯಾಮಲ್ಲಿ ಆಲ್ಬಮ್ ಅಂದ್ರೆ ನಿಮ್ಮ ಡಿಸ್ಕಿನ ಫೋಲ್ಡರೇ, ನಾಳೆ ಅದು ನಿಂತ್ರೂ ಫೋಟೋ ಅಲ್ಲೇ ಇರತ್ತೆ, ಹೆಸರು ಒಳಗೆ ಬರೆಸಿದ್ರೆ ಹೆಸರೂ ಇರತ್ತೆ. ನನಗೆ ಮುಚ್ಚಿ ಹೋಗ್ತಿತ್ತು ಅಂದ್ನಲ್ಲಾ, ಅದನ್ನ ಆಗ್ಲೇ ದೋಷ ತಿಳಿಸೋ ತಾಣವಾದ ಕೆಡಿಇ ಬಗ್‌ಜಿಲ್ಲಾದಲ್ಲಿ ಬರೆದು ಹಾಕ್ಬೇಕಿತ್ತು, ಸುಮ್ನೆ ಬೈಕೊಂಡು ಕೂತೆ, ಅದು ತಪ್ಪು. ಆಮೇಲೆ ಬೇರೆ ತೊಂದರೆ ಬಂದಾಗ ಬರೆದೆ, ಯಾವ ಕಂಪ್ಯೂಟರ್, ಏನು ಒತ್ತಿದಾಗ ಅಂತೆಲ್ಲಾ ತಿರುಗಿ ಕೇಳಿದ್ರು, ನಮ್ಮ ಹಳ್ಳಿ ಮೂಲೆಯವನಿಗೆ ಅಷ್ಟು ತಾಳ್ಮೆಯಿಂದ ಉತ್ತರ ಕೊಟ್ರು.

ಇಷ್ಟೆಲ್ಲಾ ಯಾಕೆ ಬೇಕು ಅಂತ ಮನೇಲಿ ಕೇಳ್ತಾರೆ. ನನ್ನ ಹೆಂಡತಿ ತವರು ಕಾರವಾರದ ಹತ್ರದ ಸದಾಶಿವಗಡ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತಲ್ಲಾ, ಬೆಳಿಗ್ಗೆ ಮಾವನವರು ಫೋನ್ ಮಾಡಿ ಮಾತಾಡ್ತಾ ಮಾತಾಡ್ತಾ, ಆ ಸೇತುವೆ ಮೇಲೆ ನಾವು ತೆಗೆಸ್ಕೊಂಡ ಫೋಟೋ ನಿಮ್ಮ ಹತ್ರ ಇದೆಯಾ ಅಂದ್ರು. ದಿನಕ್ಕೆ ಎರಡು ಸಲ ದಾಟ್ತಿದ್ದ ಸೇತುವೆ ಅವರದ್ದು. ಕಾರವಾರ, ಸೇತುವೆ, ಮಾವನ ಹೆಸರು, ಮೂರು ಟ್ಯಾಗ್ ಒತ್ತಿದೆ, ನಾಲ್ಕು ಫೋಟೋ ಬಂತು. ಒಂದರಲ್ಲಿ ಅವರು ಸ್ಕೂಟರ್ ನಿಲ್ಲಿಸಿ ಕಟಾಂಜನಕ್ಕೆ ಒರಗಿ ನಿಂತಿದಾರೆ, ಹಿಂದೆ ಹೊಳೆ ಸಮುದ್ರ ಸೇರೋದು ಕಾಣ್ತಿದೆ. ಅದನ್ನ ಕಳಿಸ್ದೆ. ಈಗ ಅವರ ಮನೆ ಗೋಡೆ ಮೇಲಿದೆ.

ಹಾಗಾಗಿ ಒಂದು ಸಣ್ಣ ಪರೀಕ್ಷೆ ಮಾಡ್ಕೊಂಡೇ ಮುಂದೆ ಹೋಗಿ. ನಿಮ್ಮ ಮನೆಯ ಯಾವ್ದಾದ್ರೂ ಹಿರಿಯರ ಹೆಸರು ಹಾಕಿರೋ ಒಂದು ಫೋಟೋನ ಪೆನ್‌ಡ್ರೈವಿಗೆ ಹಾಕಿ, ಡಿಜಿಕ್ಯಾಮ್ ಇಲ್ದಿರೋ ಬೇರೆ ಕಂಪ್ಯೂಟರಲ್ಲಿ ತೆರೆದು ಫೋಟೋದ ಮಾಹಿತಿ ನೋಡಿ. ಟ್ಯಾಗ್‌ಗಳ ಸಾಲಲ್ಲಿ ಆ ಹೆಸರು ಕಂಡ್ರೆ 8 ಹಾಕಿ. ಕಾಣ್ಲಿಲ್ಲ ಅಂದ್ರೆ ಇನ್ನೂ ಬರೆಸಿಲ್ಲ ಅಂತ ಅರ್ಥ, ಮತ್ತೆ ಮೇಂಟೆನೆನ್ಸಿಗೆ ಹೋಗಿ, ಎಲ್ಲಿ ನಿಂತಿದೆ ಅಂತ ಇಲ್ಲೇ ಕೆಳಗೆ ಬರೀರಿ, ನಾನು ದಿನಾ ಸಂಜೆ ನೋಡ್ತೀನಿ.