ಲಾಕ್‌ಡೌನ್‌ನಲ್ಲಿ ಕ್ಯಾಶುವಾಲ್ಟಿ ಖಾಲಿ ಇತ್ತು, ಕಾಯಿಲೆ ಎಲ್ಲಿಗೆ ಹೋಗಿತ್ತು?

ಪ್ರಶ್ನೆ: ಡಾಕ್ಟ್ರೇ, ನಾವು ಕೋಲಾರ ಜಿಲ್ಲೆ ಶ್ರೀನಿವಾಸಪುರದ ಕಡೆಯವರು. 2020ರ ಏಪ್ರಿಲ್‌ನಲ್ಲಿ ಟೊಮೆಟೊ ಕೀಳುವಾಗ ಅಪ್ಪನಿಗೆ ಎದೆ ಹಿಡಿದ ಹಾಗಾಯಿತು, ಮೈಯೆಲ್ಲ ಬೆವರಿತು. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಸಿ ಮಲಗಿಸಿದೆವು. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತೆ, ಕ್ವಾರಂಟೈನ್‌ಗೆ ಹಾಕ್ತಾರೆ ಅನ್ನೋ ಭಯ. ಮೂರನೇ ದಿನ ಹೋದಾಗ ಹಾರ್ಟ್ ಅಟ್ಯಾಕ್ ಆಗಿಹೋಗಿದೆ ಎಂದರು. ಈಗ ಹಾರ್ಟ್ ಪಂಪಿಂಗ್, ಅಂದರೆ ಒಂದೊಂದು ಬಡಿತಕ್ಕೆ ಹೃದಯ ತನ್ನಲ್ಲಿರುವ ರಕ್ತದಲ್ಲಿ ಹೊರಗೆ ತಳ್ಳುವ ಪಾಲು, ಶೇ 35. ಆಗ ಆಸ್ಪತ್ರೆಗಳು ಖಾಲಿ ಇದ್ದವಂತೆ. ಕಾಯಿಲೆನೇ ಕಡಿಮೆ ಆಗಿತ್ತಾ? ಅವತ್ತೇ ಹೋಗಿದ್ದರೆ ಅಪ್ಪ ಚೆನ್ನಾಗಿರುತ್ತಿದ್ದರಾ?

ಉತ್ತರ: ನೋಡಮ್ಮ, ಆ ಏಪ್ರಿಲ್‌ನಲ್ಲಿ ನಾನು ಕ್ಯಾಶುವಾಲ್ಟಿಯಲ್ಲೇ ಡ್ಯೂಟಿಯಲ್ಲಿದ್ದೆ. ನಮ್ಮ ರಿಜಿಸ್ಟರ್‌ನಲ್ಲಿ ಬೇರೆ ದಿನ ಎರಡು ಮೂರು ಪುಟ ತುಂಬುತ್ತಿತ್ತು. ಆಗ ಅರ್ಧ ಪುಟಕ್ಕೇ ಸಿಸ್ಟರ್ ಕೆಂಪು ಗೆರೆ ಎಳೆದು ಮರುದಿನದ ತಾರೀಕು ಬರೆಯುತ್ತಿದ್ದರು. ಆ ಖಾಲಿ ಜಾಗ ನೋಡಿದರೆ ನನಗೆ ಸಮಾಧಾನ ಆಗುತ್ತಿರಲಿಲ್ಲ, ಹೆದರಿಕೆ ಆಗುತ್ತಿತ್ತು.

ಕೆಲವು ಕೇಸುಗಳು ನಿಜವಾಗಿಯೂ ಕಡಿಮೆಯಾದವು. ಗಾಡಿಗಳೇ ಓಡದಿದ್ದ ಮೇಲೆ ಆಕ್ಸಿಡೆಂಟ್ ಎಲ್ಲಿಂದ ಬರಬೇಕು? ದೇಶದಲ್ಲಿ 2019ರಲ್ಲಿ 4.49 ಲಕ್ಷ ರಸ್ತೆ ಅಪಘಾತ ಆಗಿದ್ದವು, 2020ರಲ್ಲಿ 3.66 ಲಕ್ಷಕ್ಕೆ ಇಳಿದವು. ಶಾಲೆ ಮುಚ್ಚಿದ್ದರಿಂದ ಮಕ್ಕಳ ನೆಗಡಿ, ಜ್ವರ, ವೀಸಿಂಗ್ (ಉಸಿರಾಡುವಾಗ ಎದೆ ಸುಯ್‌ಗುಟ್ಟುವುದು) ಕೂಡ ಕಡಿಮೆ. ಹಾವು ಕಚ್ಚಿದವರು ಮಾತ್ರ ಬರುತ್ತಲೇ ಇದ್ದರು. ಮಾವಿನ ತೋಟಕ್ಕೆ ಲಾಕ್‌ಡೌನ್ ಇರಲಿಲ್ಲ ಅಲ್ವಾ?

ಆದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ಸರ್ಕಾರದ ಆದೇಶ ನೋಡಿ ನಿಲ್ಲುವುದಿಲ್ಲ. ಅಮೆರಿಕದಲ್ಲಿ ತುರ್ತು ಸ್ಥಿತಿ ಘೋಷಿಸಿದ ನಂತರದ 10 ವಾರಗಳಲ್ಲಿ ಹಾರ್ಟ್ ಅಟ್ಯಾಕ್ ಎಂದು ಎಮರ್ಜೆನ್ಸಿಗೆ ಬಂದವರು ಶೇ 23, ಸ್ಟ್ರೋಕ್ ಎಂದು ಬಂದವರು ಶೇ 20ರಷ್ಟು ಕಡಿಮೆಯಾದರು. ನಮ್ಮ ದೇಶದ ಹೃದ್ರೋಗ ತಜ್ಞರ ಸಂಘ ಲೆಕ್ಕ ಹಾಕಿದಾಗ, ಹಾರ್ಟ್ ಅಟ್ಯಾಕ್‌ಗೆ ಅಡ್ಮಿಟ್ ಆದವರು ಹಿಂದಿನ ವರ್ಷಕ್ಕಿಂತ ಮೂರನೇ ಒಂದರಷ್ಟು ಕಡಿಮೆ ಇದ್ದರು. ಮನೆಯಲ್ಲೇ ಕೂತವರಲ್ಲಿ ನಿಮ್ಮ ತಂದೆಯವರೂ ಒಬ್ಬರು.

ನನ್ನನ್ನು ಇವತ್ತಿಗೂ ಕಾಡುವ ವಿಷಯ ಒಂದಿದೆ. ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಕೋಲಾರ ಜಿಲ್ಲೆಯಲ್ಲಿ ಮೇ ಎರಡನೇ ವಾರದವರೆಗೆ ಒಂದೂ ಕೊರೊನಾ ಕೇಸ್ ಪತ್ತೆಯಾಗಿರಲಿಲ್ಲ, ನಮ್ಮದು ಹಸಿರು ವಲಯ. ವೈರಸ್‌ಗಿಂತ ಮೊದಲೇ ಭಯ ಊರಿಗೆ ಬಂದಿತ್ತು. ಮನೆ ಬಿಟ್ಟು ಬರಬೇಡಿ ಎಂದು ಮೈಕ್ ಹಿಡಿದು ಕೂಗಿದೆವು. ಎದೆ ನೋವು ಬಂದರೆ ಮಾತ್ರ ತಡ ಮಾಡದೆ ಬನ್ನಿ ಎಂದು ಅಷ್ಟೇ ಜೋರಾಗಿ ಕೂಗಲಿಲ್ಲ. ಬಸ್ಸೂ ಇರಲಿಲ್ಲ. ಹಾಗಾಗಿ ಸೋಡಾ ಕುಡಿಸಿದ್ದನ್ನೇ ತಪ್ಪು ಅಂತ ನೀವು ತಲೆ ಮೇಲೆ ಹೊತ್ತುಕೊಳ್ಳಬೇಡಿ. ಅದರಲ್ಲಿ ನಮ್ಮ ಪಾಲು ಜಾಸ್ತಿ ಇದೆ.

ಅವತ್ತೇ ಬಂದಿದ್ದರೆ? ಸುಳ್ಳು ಹೇಳುವುದಿಲ್ಲ, ಬಹುಶಃ ವ್ಯತ್ಯಾಸ ಆಗುತ್ತಿತ್ತು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಮೊದಲ 12 ಗಂಟೆಯೊಳಗೆ ಕೆಲಸ ಮಾಡುತ್ತದೆ, ಮೊದಲ ಒಂದೆರಡು ಗಂಟೆಯಲ್ಲಿ ತುಂಬಾ ಚೆನ್ನಾಗಿ. ಮೂರನೇ ದಿನಕ್ಕೆ ಆ ಭಾಗದ ಸ್ನಾಯು ಸತ್ತುಹೋಗಿರುತ್ತದೆ. ಪಂಪಿಂಗ್ ಎಷ್ಟು ಉಳಿಯುತ್ತಿತ್ತು ಎಂದು ಮಾತ್ರ ಯಾರೂ ಹೇಳಲಾರರು.

ಈಗಲೂ ಮಾಡುವುದಿದೆ. ಶೇ 35 ಇದ್ದವರೂ ಮಾತ್ರೆ ಸರಿಯಾಗಿ ತೆಗೆದುಕೊಂಡು ವರ್ಷಗಟ್ಟಲೆ ಬದುಕುತ್ತಾರೆ. 'ಹುಷಾರಾಗಿದ್ದೀನಲ್ಲ' ಎಂದು ಅಪ್ಪ ಮಾತ್ರೆ ಬಿಡದ ಹಾಗೆ ನೋಡಿಕೊಳ್ಳಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ದಿನಾ ಬೆಳಿಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಕಾಲು ಊದಿದರೆ, ಅಂಗಾತ ಮಲಗಿದಾಗ ಉಸಿರು ಕಟ್ಟಿದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಮತ್ತೆ ಎದೆ ಹಿಡಿದು ಬೆವರಿದರೆ 108ಕ್ಕೆ ಫೋನ್ ಮಾಡಿ. ಗ್ಯಾಸೋ ಅಲ್ಲವೋ ಎಂದು ಇಸಿಜಿ ತೆಗೆದು ನಾವು ನೋಡುತ್ತೇವೆ.