ಪರ್ಸೆಪ್ಶನ್ ಚೆಕ್ ಅಂದ ತಕ್ಷಣ ಐದೂ ಜನ ದಾಳ ಹಾಕುತ್ತಾರೆ, ಏನು ಮಾಡಲಿ?

ನಿಮ್ಮ ಕಷ್ಟ ಅರ್ಥವಾಯಿತು. ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವ, ದಾಳ ಹಾಕಿ ಕಥೆ ಕಟ್ಟುವ ಆಟವನ್ನು ಹೊಸದಾಗಿ ನಡೆಸುತ್ತಿದ್ದೀರಿ, ಒಬ್ಬರಿಗೆ ಪರ್ಸೆಪ್ಶನ್ ಚೆಕ್ (ಪಾತ್ರದ ಕಣ್ಣಿಗೆ, ಕಿವಿಗೆ ಏನಾದರೂ ಬಿತ್ತೇ ಅಂತ ದಾಳ ಹಾಕಿ ನೋಡುವುದು) ಮಾಡಿ ಅಂದರೆ ಉಳಿದವರೂ "ನಾನೂ, ನಾನೂ" ಅಂತ ದಾಳ ಉರುಳಿಸುತ್ತಾರೆ, ಎಲ್ಲರಿಗೂ ಕಡಿಮೆ ಬಿದ್ದರೆ "ಓಹೋ, ಇಲ್ಲಿ ಏನೋ ಇದೆ" ಅಂತ ಹುಷಾರಾಗುತ್ತಾರೆ. ನಾನೂ ಎರಡು ವರ್ಷ ಇದನ್ನೇ ಅನುಭವಿಸಿದವನು. ಆಮೇಲೆ ಚೆಕ್ ಕೇಳುವುದನ್ನೇ ಮುಕ್ಕಾಲು ಪಾಲು ಬಿಟ್ಟೆ.

ಮೊದಲು ಲೆಕ್ಕ ನೋಡಿ. 20 ಮುಖದ ದಾಳ, ಡಿಸಿ (ಗೆಲ್ಲಲು ಮುಟ್ಟಬೇಕಾದ ಸಂಖ್ಯೆ) 15, ಬಿದ್ದದ್ದಕ್ಕೆ ಸೇರಿಸಲು ಎಲ್ಲರಿಗೂ +2 ಅಂತಿಟ್ಟುಕೊಳ್ಳಿ. ಒಬ್ಬರೇ ಹಾಕಿದರೆ ಗೆಲ್ಲುವ ಸಾಧ್ಯತೆ 40%. ಐದು ಜನ ಹಾಕಿದರೆ ಯಾರಾದರೂ ಒಬ್ಬರು ಗೆಲ್ಲುವುದು ಸುಮಾರು 92%. ಅಲ್ಲಿಗೆ ಅದು ಪರೀಕ್ಷೆಯೇ ಅಲ್ಲ, ಸುಮ್ನೆ ಸದ್ದು.

ಆಟದ ಐದನೇ ಆವೃತ್ತಿಯಲ್ಲಿ ಪ್ಯಾಸಿವ್ ಪರ್ಸೆಪ್ಶನ್ (ದಾಳ ಹಾಕದೆಯೇ ಪಾತ್ರ ಎಷ್ಟು ಗಮನಿಸುತ್ತದೆ ಅನ್ನುವ ಸಂಖ್ಯೆ) ಇರುವುದೇ ಇದಕ್ಕೆ. 10ಕ್ಕೆ ಪಾತ್ರದ ವಿಸ್ಡಮ್ ಮಾಡಿಫೈಯರ್ (ವಿವೇಕಕ್ಕೆ ಸಿಗುವ ಅಂಕ) ಸೇರಿಸಿ, ಪ್ರೊಫಿಷಿಯೆನ್ಸಿ (ಪಳಗಿದ್ದಕ್ಕೆ ಸಿಗುವ ಅಂಕ) ಇದ್ದರೆ ಅದನ್ನೂ ಸೇರಿಸಿ. ಎಲ್ಲರ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು ನಿಮ್ಮ ಮುಂದೆ ನಿಲ್ಲಿಸಿದ ಪರದೆಯ ಹಿಂದೆ ಅಂಟಿಸಿಕೊಳ್ಳಿ. ಪೊದೆಯ ಹಿಂದೆ ಗಾಬ್ಲಿನ್ (ಕುಳ್ಳ ರಾಕ್ಷಸ) ಕೂತಿದೆಯೇ? ದಾಳ ನೀವು ಹಾಕಿ, ಗಾಬ್ಲಿನ್ ಪರವಾಗಿ, ಸ್ಟೆಲ್ತ್‌ಗೆ, ಅಂದರೆ ಅವಿತುಕೊಳ್ಳುವುದಕ್ಕೆ. 8 ಬಿತ್ತು, ಅದರ +6 ಸೇರಿ 14. ಕ್ಲೆರಿಕ್‌ನ (ಪೂಜಾರಿ ಪಾತ್ರದ) ಪ್ಯಾಸಿವ್ 15, ಅವನಿಗೆ ಕಂಡಿತು. ಫೈಟರ್‌ನದು (ಯೋಧನದು) 11, ಅವನಿಗೆ ಕಾಣಲಿಲ್ಲ, 2014ರ ನಿಯಮದ ಪ್ರಕಾರ ಅವನು ಮೊದಲ ಸುತ್ತಿನಲ್ಲಿ ಬೆಪ್ಪಾಗಿ ನಿಂತಿರುತ್ತಾನೆ. ಆಟಗಾರರು ದಾಳ ಮುಟ್ಟಿಲ್ಲ, ಹಾಗಾಗಿ ಯಾರಿಗೂ ಅನುಮಾನವಿಲ್ಲ.

ಕತ್ತಲು ಮರೆಯಬೇಡಿ. ಡಾರ್ಕ್‌ವಿಷನ್ (ಕತ್ತಲಲ್ಲೂ ನೋಡುವ ಶಕ್ತಿ) ಇದ್ದರೆ ಎಲ್ಲಾ ಸ್ಪಷ್ಟವಾಗಿ ಕಾಣುತ್ತೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಪೂರ್ತಿ ಕತ್ತಲು ಅವರಿಗೆ ಮಬ್ಬು ಬೆಳಕಿನ ಹಾಗೆ, ಕಣ್ಣಿನಿಂದ ನೋಡುವ ಚೆಕ್‌ಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ಕಡಿಮೆ ಬಿದ್ದದ್ದನ್ನು ತೆಗೆದುಕೊಳ್ಳುವುದು), ಪ್ಯಾಸಿವ್‌ನಲ್ಲಿ 5 ಕಡಿಮೆ. ಪಂಜು ಹಚ್ಚದೆ ನಡೆದರೆ ಡಾರ್ಕ್‌ವಿಷನ್ ಇರುವ ನಮ್ಮ ಎಲ್ಫ್ ಕ್ಲೆರಿಕ್‌ನ ಪ್ಯಾಸಿವ್ 15 ಇದ್ದದ್ದು ಬರೀ 10. ಪಂಜು ಹಚ್ಚಿದರೆ ದೂರದವರಿಗೂ ಇವರು ಕಾಣುತ್ತಾರೆ. ನನಗೆ ಈ ಪೀಕಲಾಟ ದಾಳಕ್ಕಿಂತ ಜಾಸ್ತಿ ಇಷ್ಟ.

ಇನ್ನೊಂದು ತಪ್ಪು ನಾನೇ ಮಾಡಿದ್ದು. ನೆಲಮಾಳಿಗೆಗೆ ಇಳಿಯುವ ಗುಟ್ಟಿನ ಬಾಗಿಲನ್ನು ಡಿಸಿ 15ರ ಹಿಂದೆ ಇಟ್ಟಿದ್ದೆ, ಮುಂದಿನ ಕಥೆಯೆಲ್ಲ ಅದರ ಕೆಳಗಿತ್ತು. 92% ಅಂದೆನಲ್ಲ, ಉಳಿದ 8% ಆ ರಾತ್ರಿಯೇ ಬರಬೇಕಾ? ಐದೂ ಜನ ಸೋತರು. ಮುಕ್ಕಾಲು ಗಂಟೆ ಖಾಲಿ ಕೋಣೆಯ ಗೋಡೆ ತಟ್ಟುತ್ತಾ ಕೂತರು, ಕೊನೆಗೆ ನಾನೇ ಒಂದು ಇಲಿಯನ್ನು ಓಡಿಸಿ ಬಾಗಿಲು ತೋರಿಸಿದೆ. ಮಾನ ಹೋಯಿತು. ಈಗ ಕಥೆಗೆ ಬೇಕೇ ಬೇಕಾದದ್ದನ್ನು ನೇರವಾಗಿ ಹೇಳಿಬಿಡುತ್ತೇನೆ, ಹೆಚ್ಚಿನ ವಿವರಕ್ಕೆ ಮಾತ್ರ ದಾಳ.

ಯಾರಾದರೂ "ಚಾಪೆ ಎತ್ತಿ ಕೆಳಗೆ ನೋಡುತ್ತೇನೆ" ಅಂದರೆ, ಕೀಲಿ ಅಲ್ಲೇ ಇದ್ದರೆ, ಕೊಟ್ಟುಬಿಡಿ. ಅದಕ್ಕೆ ದಾಳ ಯಾಕೆ? ಸಮಯ ಕಡಿಮೆ ಇದ್ದಾಗ, ಕಾವಲುಗಾರ ಬರುತ್ತಿದ್ದಾನೆ ಅನ್ನುವಾಗ ಚೆಕ್ ಕೇಳಿ. ಆಗಲೂ ಒಬ್ಬರಿಗೇ. ಪಕ್ಕದವರು ಸಹಾಯ ಮಾಡುತ್ತೇನೆ ಅಂದರೆ ಅಡ್ವಾಂಟೇಜ್ (ಎರಡು ಸಲ ಹಾಕಿ ಹೆಚ್ಚು ಬಿದ್ದದ್ದು) ಕೊಡಿ, ಬೇರೆ ದಾಳ ಬೇಡ. ಮೊದಲ ಎರಡು ವಾರ ಗೊಣಗುತ್ತಾರೆ, ಆಮೇಲೆ ಅವರೇ ಚಾಪೆ ಎತ್ತಲು ಶುರು ಮಾಡುತ್ತಾರೆ.